ಕೋಟೆಯ ಮಗ್ಗುಲಲ್ಲಿ ಮೂರು ರಾತ್ರಿ

ಮನುಷ್ಯನು ತಂಗುವ ಬಗೆಗಳು ಮೂರು. ತನ್ನ ಮನೆಯಲ್ಲಿ ತಾನಿರುವುದು ಒಂದು. ಧರ್ಮಶಾಲೆಯಲ್ಲಿಯೋ ಬಂಧುಗಳ ಮನೆಯಲ್ಲಿಯೋ ಅತಿಥಿಯಾಗಿ ಇರುವುದು ಇನ್ನೊಂದು. ಬಯಲಿನಲ್ಲಿ ಡೇರೆ ಹಾಕಿ ನೆಲವನ್ನೇ ಹಾಸಿಗೆಯಾಗಿ ಮಾಡಿಕೊಳ್ಳುವುದು ಮತ್ತೊಂದು. ಮೊದಲಿನ ಎರಡು ಎಲ್ಲರಿಗೂ ಪರಿಚಿತ. ಮೂರನೆಯದು ಒಂದು ಕಾಲಕ್ಕೆ ಕುರಿಗಾರರಿಗೆ, ಬಂಡಿ ಹೂಡಿಕೊಂಡು ಸಂತೆಯಿಂದ ಸಂತೆಗೆ ಹೋಗುವವರಿಗೆ, ಪಾದಯಾತ್ರಿಕರಿಗೆ, ಊರೂರು ಸಂಚರಿಸುವ ಜಂಗಮರಿಗೆ ನಿತ್ಯದ ಮಾತಾಗಿದ್ದಿತು. ಇಂದು ಅದು ಪಟ್ಟಣದವರ ರಜಾದಿನದ ವಿನೋದವೆನಿಸಿದೆ. ವಿನೋದವಾದರೂ ಆಗಲಿ, ಅದರಿಂದ ಕಲಿಯತಕ್ಕದ್ದು ಬಹಳವಿದೆ ಎಂಬುದು ನಮ್ಮ ಅಭಿಪ್ರಾಯ. ಅದರಲ್ಲಿಯೂ ಹಳೆಯದೊಂದು ಕೋಟೆಯ ಮಗ್ಗುಲಲ್ಲಿ, ಹರಿಯುವ ಹೊಳೆಯ ದಂಡೆಯಲ್ಲಿ ತಂಗಿದರೆ, ಸ್ಥಾವರವೆಂದರೇನು, ಜಂಗಮವೆಂದರೇನು ಎಂಬ ವಿಚಾರವು ಗ್ರಂಥದ ಹಾಳೆಯಿಂದ ಎದ್ದು ಬಂದು ಕಣ್ಣೆದುರಿಗೆ ನಿಲ್ಲುತ್ತದೆ.

2023ರ ಮಾಘಮಾಸದಲ್ಲಿ, ಭಾರತ ಹುಣ್ಣಿಮೆಯ ಹಿಂದುಮುಂದಿನ ದಿನಗಳಲ್ಲಿ, ಶ್ರೀಮಠದ ಪ್ರಸಾದನಿಲಯದ ಇಪ್ಪತ್ತೆಂಟು ಜನ ವಿದ್ಯಾರ್ಥಿಗಳೊಡನೆ ನಾವು ಆನೆಗೊಂದಿಯಲ್ಲಿ ಮೂರು ರಾತ್ರಿ ತಂಗಿದ್ದೆವು. ಆ ಮೂರು ದಿನಗಳ ಕೆಲವು ವಿಚಾರಗಳನ್ನು ಸದ್ಭಕ್ತರೊಡನೆ ಹಂಚಿಕೊಳ್ಳುವುದು ಈ ಬರಹದ ಉದ್ದೇಶ.

ಆನೆಗೊಂದಿಯು ಕೊಪ್ಪಳ ಜಿಲ್ಲೆಯ ಗಂಗಾವತಿ ತಾಲೂಕಿನಲ್ಲಿ, ತುಂಗಭದ್ರೆಯ ಎಡದಂಡೆಯ ಮೇಲಿದೆ. ಎದುರುದಂಡೆಯಲ್ಲಿ ಹಂಪೆ. ಹಂಪೆಯನ್ನು ಕಂಡವರು ಆನೆಗೊಂದಿಯನ್ನು ಕಾಣದೆ ಹಿಂದಿರುಗುವುದೇ ಹೆಚ್ಚು. ಆದರೆ ವಿಜಯನಗರದ ಕಥೆ ಆರಂಭವಾಗುವುದು ಈ ದಂಡೆಯಿಂದಲೇ ಎಂದು ಪರಂಪರೆ ಹೇಳುತ್ತದೆ. ಕಂಪಿಲಿಯ ರಾಜ್ಯವು 1327ರ ಸುಮಾರಿಗೆ ದಿಲ್ಲಿಯ ಸೈನ್ಯಕ್ಕೆ ಸಿಲುಕಿ ಅಳಿದ ಮೇಲೆ, 1336ರಲ್ಲಿ ಹೊಸ ರಾಜ್ಯವೊಂದು ಈ ಬಂಡೆಗಲ್ಲುಗಳ ನಡುವೆ ತಲೆಯೆತ್ತಿತು. ಅದಕ್ಕಿಂತಲೂ ಎಷ್ಟೋ ಹಿಂದೆ ಇಲ್ಲಿ ಮನುಷ್ಯರು ಬಾಳಿದ್ದರು. ಸುತ್ತಲಿನ ಬಂಡೆಗಳ ಮೇಲೆ ಇತಿಹಾಸಪೂರ್ವ ಕಾಲದ ಚಿತ್ರಗಳಿವೆ. ಅದೇ ತಾಲೂಕಿನ ಹಿರೇಬೆಣಕಲ್ಲಿನ ಗುಡ್ಡದ ಮೇಲೆ ಬೃಹತ್ ಶಿಲಾಸಮಾಧಿಗಳು ಸಾಲುಸಾಲಾಗಿ ನಿಂತಿವೆ. ಬಂಡೆಗಳ ವಯಸ್ಸಂತೂ ಇವೆಲ್ಲವನ್ನೂ ಮೀರಿದ್ದು. ಈ ಕಣಶಿಲೆಗೆ ಸುಮಾರು 250 ಕೋಟಿ ವರ್ಷಗಳಾಗಿವೆಯೆಂದು ಭೂವಿಜ್ಞಾನಿಗಳು ಹೇಳುತ್ತಾರೆ. ಅಂತಹ ನೆಲದ ಮೇಲೆ ನಿಂತು ‘ಇದು ಪುರಾತನ ಕೋಟೆ’ ಎನ್ನುವಾಗ ನಾಲಗೆ ತುಸು ತಡೆಯುತ್ತದೆ.

ತಂಗುವ ಜಾಗದ ವಿಷಯದಲ್ಲಿ ನಾವು ಎಚ್ಚರ ವಹಿಸಿದ್ದೆವು. ಸಂರಕ್ಷಿತ ಸ್ಮಾರಕಗಳ ಒಳಗೆ ರಾತ್ರಿ ಇರಲು ಅನುಮತಿಯಿಲ್ಲ, ಇರಬಾರದು ಕೂಡ. ಹಂಪೆಯ ಸ್ಮಾರಕಗಳು 1986ರಲ್ಲಿ ವಿಶ್ವಪರಂಪರೆಯ ಪಟ್ಟಿಗೆ ಸೇರಿದವು. 1999ರಲ್ಲಿ ಅಪಾಯದಲ್ಲಿರುವ ತಾಣಗಳ ಪಟ್ಟಿಗೂ ಸೇರಿ, 2006ರಲ್ಲಿ ಅದರಿಂದ ಹೊರಬಂದವು. ಹೊಳೆಯ ನಡುಗಡ್ಡೆಯಾದ ವಿರೂಪಾಪುರಗಡ್ಡೆಯಲ್ಲಿ ಅನುಮತಿಯಿಲ್ಲದೆ ಎದ್ದಿದ್ದ ವಸತಿಗೃಹಗಳನ್ನು ಸರ್ವೋಚ್ಚ ನ್ಯಾಯಾಲಯದ ತೀರ್ಪಿನ ಮೇರೆಗೆ 2020ರಲ್ಲಿ ಕೆಡವಲಾಯಿತು. ಅಲ್ಲದೆ ಇಲ್ಲಿಯ ಹೊಳೆಯು ನೀರುನಾಯಿಗಳ ಆವಾಸವೂ ಹೌದು. ಸುಮಾರು 34 ಕಿಲೋಮೀಟರು ಉದ್ದದ ನದೀಪಾತ್ರವನ್ನು 2015ರಲ್ಲಿ ನೀರುನಾಯಿಗಳ ಸಂರಕ್ಷಿತ ಪ್ರದೇಶವೆಂದು ಸರಕಾರವು ಘೋಷಿಸಿದೆ. ಆದುದರಿಂದ ದಂಡೆಯ ಮೇಲೆ ಬೆಂಕಿ ಹಾಕುವುದಾಗಲಿ, ಕೂಗಾಡುವುದಾಗಲಿ, ಎಂಜಲು ಚೆಲ್ಲುವುದಾಗಲಿ ಸಲ್ಲದು. ಊರಿನ ಹೊರಗೆ ಭಕ್ತರೊಬ್ಬರ ತೆಂಗಿನ ತೋಟವಿತ್ತು. ಅವರ ಒಪ್ಪಿಗೆ ಪಡೆದು, ಗ್ರಾಮ ಪಂಚಾಯತಿಗೂ ಪೊಲೀಸು ಠಾಣೆಗೂ ತಿಳಿಸಿ, ಅಲ್ಲಿ ಡೇರೆಗಳನ್ನು ಹಾಕಿದೆವು. ಮೇಲೆ ಅಣೆಕಟ್ಟಿನಿಂದ ನೀರು ಬಿಟ್ಟರೆ ಹೊಳೆ ಒಮ್ಮೆಲೇ ಏರುವುದುಂಟು. ಅದಕ್ಕಾಗಿ ಹಿಂದಿನ ಮಹಾಪೂರದ ಗುರುತನ್ನು ತೋಟದ ಯಜಮಾನರಿಂದ ಕೇಳಿ ತಿಳಿದು, ಅದಕ್ಕೂ ಮೇಲಿನ ನೆಲವನ್ನೇ ಆರಿಸಿಕೊಂಡೆವು.

ಈಗ ಕಡೆಬಾಗಿಲಿನ ಬಳಿ ಸೇತುವೆಯಿದ್ದು ವಾಹನಗಳು ಅದರ ಮೇಲೆಯೇ ಬರುತ್ತವೆ. ಆದರೂ ಹುಡುಗರನ್ನು ಹಂಪೆಯ ಕಡೆಯಿಂದ ನಡೆಸಿಕೊಂಡು ಬಂದು ತಳವಾರಘಟ್ಟದಲ್ಲಿ ಹೊಳೆ ದಾಟಿಸಿದೆವು. 1520ರ ಸುಮಾರಿಗೆ ಇಲ್ಲಿಗೆ ಬಂದಿದ್ದ ಪೋರ್ಚುಗೀಸ್ ವ್ಯಾಪಾರಿ ಡೊಮಿಂಗೊ ಪಾಯೆಸನು ಬುಟ್ಟಿಯಂತೆ ದುಂಡಗಿರುವ, ಬೆತ್ತದಿಂದ ಹೆಣೆದು ಹೊರಗೆ ತೊಗಲು ಹೊದಿಸಿದ ದೋಣಿಗಳಲ್ಲಿ ಹದಿನೈದು ಇಪ್ಪತ್ತು ಜನರು ಕುಳಿತು ಇಲ್ಲಿ ಹೊಳೆ ದಾಟುತ್ತಿದ್ದರೆಂದು ಬರೆದಿದ್ದಾನೆ. ಅವನು ಕಂಡ ಅರಮನೆ ಇಂದು ಬರಿಯ ತಳಪಾಯ. ಅವನು ಕಂಡ ಹರಿಗೋಲು ಮಾತ್ರ, ತೊಗಲಿನ ಬದಲು ಪ್ಲಾಸ್ಟಿಕ್ಕನ್ನೂ ಡಾಂಬರನ್ನೂ ಹೊದ್ದುಕೊಂಡು, ಇನ್ನೂ ಜನರನ್ನು ದಾಟಿಸುತ್ತಲೇ ಇದೆ. ಇದನ್ನು ಹೇಳಿದಾಗ ಹುಡುಗರು ಹರಿಗೋಲಿನ ಅಂಚನ್ನು ಬೆರಳಿನಿಂದ ಮುಟ್ಟಿ ನೋಡಿದರು.

ಶಿಬಿರದ ನಿಯಮಗಳು ಕೆಲವೇ. ತನ್ನ ಗಂಟನ್ನು ತಾನೇ ಹೊರತಕ್ಕದ್ದು. ತನ್ನ ತಾಟನ್ನು ತಾನೇ ತೊಳೆಯತಕ್ಕದ್ದು. ಮೊಬೈಲುಗಳು ಮೂರು ದಿನವೂ ನಿಲಯಪಾಲಕರ ಚೀಲದಲ್ಲಿರತಕ್ಕದ್ದು. ಊಟಕ್ಕೆ ಖಡಕ್ ಜೋಳದ ರೊಟ್ಟಿ, ಶೇಂಗಾ ಹಿಂಡಿ, ಅಗಸಿ ಹಿಂಡಿ ಜೊತೆಗೇ ಬಂದಿದ್ದವು. ಅನ್ನ ಮತ್ತು ಬೇಳೆಯ ಸಾರನ್ನು ತೋಟದ ಮನೆಯ ಅಂಗಳದ ಒಲೆಯಲ್ಲಿ ಸರದಿಯ ಮೇಲೆ ಹುಡುಗರೇ ಮಾಡುತ್ತಿದ್ದರು. ಮೊದಲನೆಯ ದಿನ ಒಬ್ಬೊಬ್ಬನ ಗಂಟೂ ಮದುವೆಯ ದಿಬ್ಬಣದ ಗಂಟಿನಂತಿತ್ತು. ತಲೆದಿಂಬು, ಎರಡೆರಡು ಹೊದಿಕೆ, ಕನ್ನಡಿ, ತಿಂಡಿಯ ಡಬ್ಬಿಗಳು. ಮೂರನೆಯ ದಿನದ ಹೊತ್ತಿಗೆ ಒಂದು ಕಂಬಳಿ, ಒಂದು ತಂಬಿಗೆ, ಒಂದು ಜೊತೆ ಬಟ್ಟೆಗಳ ಹೊರತು ಮಿಕ್ಕಿದ್ದೆಲ್ಲವೂ ಬರಿಯ ಭಾರವೆಂದು ಯಾರೂ ಹೇಳದೆಯೇ ಅವರಿಗೆ ತಿಳಿಯಿತು. ಅಪರಿಗ್ರಹವನ್ನು ಕುರಿತು ನಾವು ಮಠದಲ್ಲಿ ವರ್ಷವೆಲ್ಲ ಮಾಡುವ ಉಪದೇಶಕ್ಕಿಂತ ಆ ಗಂಟಿನ ಭಾರವೇ ಅವರಿಗೆ ಚೆನ್ನಾಗಿ ಬೋಧಿಸಿತು.

ಬೆಳಗಿನ ಜಾವದ ಪೂಜೆಯ ವಿಷಯವಾಗಿ ಒಂದು ಮಾತು ಹೇಳಲೇಬೇಕು. ಈ ಹೊಳೆಯಲ್ಲಿ ಮೊಸಳೆಗಳಿವೆ. ಬಂಡೆಗಳ ನಡುವೆ ಸುಳಿಗಳೂ ಇವೆ. ಆದುದರಿಂದ ಯಾರನ್ನೂ ಹೊಳೆಗೆ ಇಳಿಸದೆ ತೋಟದ ಬಾವಿಯ ನೀರಿನಲ್ಲಿಯೇ ಸ್ನಾನಕ್ಕೆ ಏರ್ಪಾಡು ಮಾಡಿದ್ದೆವು. ಸ್ನಾನವಾದ ಮೇಲೆ ವಿಭೂತಿಯನ್ನು ಧರಿಸಿ, ಕಂಬಳಿಯ ಮೇಲೆ ಪೂರ್ವಾಭಿಮುಖವಾಗಿ ಕುಳಿತು, ಇಷ್ಟಲಿಂಗವನ್ನು ಎಡಗೈಯ ಮೇಲಿರಿಸಿಕೊಂಡಾಗ ಇನ್ನೂ ಚುಕ್ಕಿಗಳು ಮಾಸಿರಲಿಲ್ಲ. ಒಂದು ತಂಬಿಗೆ ನೀರು, ನಾಲ್ಕು ಬಿಲ್ವಪತ್ರೆ, ಅಷ್ಟೇ ಸಾಮಗ್ರಿ. ಎದುರಿಗೆ ಹೊಳೆಯಾಚೆ ಮಸುಕಾಗಿ ಹಂಪೆಯ ಗುಡ್ಡಗಳು. ಅಲ್ಲಿ ರಾಜರು ಕಟ್ಟಿಸಿದ ದೇವಾಲಯಗಳಲ್ಲಿ ಎಷ್ಟೋ ಇಂದು ಮೂರ್ತಿಯಿಲ್ಲದೆ, ಪೂಜೆಯಿಲ್ಲದೆ ಬರಿದಾಗಿವೆ. ವಿರೂಪಾಕ್ಷನ ಸನ್ನಿಧಿಯಂತೆ ಪೂಜೆ ನಡೆಯುತ್ತ ಬಂದವು ಕೆಲವೇ. ಅಂಗೈಯ ಮೇಲಣ ಲಿಂಗಕ್ಕೆ ಗೋಪುರ ಬೇಡ, ಗರ್ಭಗುಡಿ ಬೇಡ, ಬಾಗಿಲು ಕಾಯುವವರೂ ಬೇಡ. ಭಕ್ತನು ಎಲ್ಲಿ ಕುಳಿತನೋ ಅದೇ ಗುಡಿ. ಅವನು ಎದ್ದು ನಡೆದರೆ ಗುಡಿಯೂ ನಡೆಯುತ್ತದೆ. ಮಠದ ಪೂಜಾಗೃಹದಲ್ಲಿ ಕುಳಿತಾಗ ಈ ಮಾತು ನಮಗೆ ಶಾಸ್ತ್ರವಾಗಿದ್ದಿತು. ಡೇರೆಯ ಮುಂದೆ ಅದು ಪ್ರತ್ಯಕ್ಷವಾಯಿತು.

ಎರಡನೆಯ ದಿನ ಕೋಟೆಯನ್ನು ನೋಡಿದೆವು. ಕಟ್ಟಿದವರು ಗುಡ್ಡವನ್ನೇ ಕೋಟೆಯ ಭಾಗವಾಗಿ ಬಳಸಿಕೊಂಡಿದ್ದಾರೆ. ಬಂಡೆ ಇದ್ದಲ್ಲಿ ಗೋಡೆಯಿಲ್ಲ. ಬಂಡೆ ಬಿಟ್ಟಲ್ಲಿ ಗೋಡೆ ಆರಂಭವಾಗುತ್ತದೆ. ದೊಡ್ಡ ದೊಡ್ಡ ಕಲ್ಲುಗಳನ್ನು ಗಾರೆಯಿಲ್ಲದೆ ಒಂದರ ಮೇಲೊಂದು ಕೂಡಿಸಿದ್ದಾರೆ. ಕಲ್ಲನ್ನು ಸೀಳಲು ಸಾಲಾಗಿ ಕೊರೆದ ಬೆಣೆಯ ಗುಂಡಿಗಳ ಗುರುತು ಇಂದಿಗೂ ಕಾಣುತ್ತದೆ. ಆ ಕಲ್ಲುಕುಟಿಗರ ಕಾಯಕಕ್ಕೆ ತಲೆಬಾಗಬೇಕು. ಅವರ ಹೆಸರು ಯಾವ ಶಾಸನದಲ್ಲಿಯೂ ನಮಗೆ ದೊರೆಯಲಿಲ್ಲ. ಕೈಯ ಗುರುತು ಮಾತ್ರ ಕಲ್ಲಿನ ಮೇಲೆ ಉಳಿದಿದೆ.

ಬಾಗಿಲಿನ ನೆರಳಿನಲ್ಲಿ ಕುಳಿತಾಗ ಹುಡುಗರಿಗೆ 1565ರ ಕಥೆಯನ್ನು ಹೇಳಿದೆವು. ಪಾರಸಿಕ ರಾಯಭಾರಿ ಅಬ್ದುಲ್ ರಜಾಕನು 1443ರಲ್ಲಿ ಬಂದಾಗ ವಿಜಯನಗರಕ್ಕೆ ಒಂದರೊಳಗೊಂದಾಗಿ ಏಳು ಸುತ್ತಿನ ಕೋಟೆಯಿದ್ದುದನ್ನು ಕಂಡು ಬೆರಗಾಗಿದ್ದನು. ಅಂತಹ ನಗರವು ಹೇಗೆ ಬಿದ್ದಿತು? ಶತ್ರುಗಳು ಏಳು ಸುತ್ತನ್ನೂ ಭೇದಿಸಿ ಒಳನುಗ್ಗಿದರೇ? ಇಲ್ಲ. ಯುದ್ಧ ನಡೆದದ್ದು ಇಲ್ಲಿಂದ ಸುಮಾರು ನೂರು ಕಿಲೋಮೀಟರು ಉತ್ತರಕ್ಕೆ, ಕೃಷ್ಣೆಯ ಬಳಿ, ರಕ್ಕಸಗಿ ತಂಗಡಗಿಯ ಕಡೆ. ಅಲ್ಲಿ ರಾಮರಾಯನು ಮಡಿದ ಮೇಲೆ ಅವನ ತಮ್ಮ ತಿರುಮಲನು ಬೊಕ್ಕಸವನ್ನು ಆನೆಗಳ ಮೇಲೆ ಹೇರಿಕೊಂಡು ಪೆನುಕೊಂಡೆಯತ್ತ ಹೊರಟುಹೋದನು. ಗೋಡೆಗಳು ಸೋಲಲಿಲ್ಲ. ಅವನ್ನು ಕಾಯತಕ್ಕವರೇ ಇಲ್ಲದೆ ಹೋದರು. ಬಾಗಿಲನ್ನು ಮುರಿಯುವ ಶ್ರಮವೂ ಶತ್ರುವಿಗೆ ಬೀಳಲಿಲ್ಲ. ಒಳಗೆ ಉಳಿದ ಬಡವರೇ ಕೆಟ್ಟರು.

ಅಂದು ಸಂಜೆ ತೋಟದ ಅಂಚಿನ ಕಾಲುವೆಯ ಏರಿಯ ಮೇಲೆ ಕುಳಿತಿದ್ದಾಗ ತೋಟದ ಯಜಮಾನರು ಬಂದು ನಮಸ್ಕರಿಸಿ ಕುಳಿತರು. ಎಪ್ಪತ್ತು ದಾಟಿದ ಒಕ್ಕಲಿಗರು. “ಕ್ವಾಟಿ ನೋಡಿ ಬಂದ್ರೇನ್ರಿ ಅಜ್ಜಾರ?” ಎಂದು ಕೇಳಿದರು. ಬಂದೆವೆಂದು ಹೇಳಿದೆವು. “ಛಲೋ ಆತ್ರಿ. ಆದ್ರ ಆ ಕ್ವಾಟಿ ನನಗ ಒಂದಿನಾನೂ ಅನ್ನ ಹಾಕಿಲ್ರಿ. ಈ ಕಾಲುವಿ ಹಾಕೈತಿ. ಇದನ್ನೂ ಅವರ ಕಾಲದಾಗ ತೋಡಿದ್ದಂತ” ಎಂದು ನೀರಿನ ಕಡೆ ಕೈ ತೋರಿಸಿದರು.

ಅವರ ಮಾತು ಸತ್ಯವಾದುದು. ತುಂಗಭದ್ರೆಗೆ ಅಡ್ಡಲಾಗಿ ವಿಜಯನಗರದವರು ಅಲ್ಲಲ್ಲಿ ತಗ್ಗಾದ ಅಣೆಗಳನ್ನು ಕಟ್ಟಿ ಕಾಲುವೆಗಳನ್ನು ತೆಗೆದಿದ್ದರು. ಎಡದಂಡೆಯಲ್ಲಿ ಆನೆಗೊಂದಿಯ ಕಾಲುವೆ, ಗಂಗಾವತಿಯ ಮೇಲಿನ ಮತ್ತು ಕೆಳಗಿನ ಕಾಲುವೆಗಳು. ಬಲದಂಡೆಯಲ್ಲಿ ಹಂಪೆಯ ಅವಶೇಷಗಳ ನಡುವೆಯೇ ಹಾಯುವ ತುರ್ತಾ ಕಾಲುವೆ. ಹೊಸಪೇಟೆಯ ಬದಿಗೆ ರಾಯ ಕಾಲುವೆ ಮತ್ತು ಬಸವಣ್ಣ ಕಾಲುವೆ. ರಾಯನ ಹೆಸರೂ ಬಸವಣ್ಣನ ಹೆಸರೂ ಅಲ್ಲಿ ಅಕ್ಕಪಕ್ಕದಲ್ಲಿ ನೀರಾಗಿ ಹರಿಯುತ್ತಿವೆ. 1953ರಲ್ಲಿ ತುಂಗಭದ್ರಾ ಅಣೆಕಟ್ಟು ಮುಗಿದಾಗಲೂ ಈ ಹಳೆಯ ಕಾಲುವೆಗಳನ್ನು ಕೈಬಿಡದೆ ಹೊಸ ವ್ಯವಸ್ಥೆಯೊಳಗೆ ಸೇರಿಸಿಕೊಂಡರು. ಅದೇ ರಾಜರು, ಅದೇ ಕಲ್ಲು, ಅದೇ ಕುಶಲಿಗಳ ಕೈ. ತಡೆಯಲೆಂದು ಕಟ್ಟಿದ್ದು ಇಂದು ನೋಟಕ್ಕೆ ಮಾತ್ರ ಉಳಿದಿದೆ. ಹಂಚಲೆಂದು ತೋಡಿದ್ದು ಇಂದಿಗೂ ಕೆಲಸದಲ್ಲಿದೆ.

ರಾತ್ರಿ ಬೆಳದಿಂಗಳಿನಲ್ಲಿ ಪ್ರಸಾದವಾದ ಮೇಲೆ ಇದೇ ವಿಚಾರವನ್ನು ಹುಡುಗರ ಮುಂದೆ ಹೇಳಿ, ಪ್ರಶ್ನೆಗಳಿದ್ದರೆ ಕೇಳಬಹುದೆಂದೆವು. ಸ್ವಲ್ಪ ಹೊತ್ತು ಎಲ್ಲರೂ ಸುಮ್ಮನಿದ್ದರು. ಆಮೇಲೆ ಪದವಿಯ ಎರಡನೆಯ ವರ್ಷದಲ್ಲಿ ಓದುತ್ತಿದ್ದ ಹುಡುಗನೊಬ್ಬನು ಎದ್ದು ನಿಂತು, “ಅಜ್ಜಾರ, ತಪ್ಪು ತಿಳೀಬಾರ್ದು. ನಮ್ಮ ಮಠ ಕ್ವಾಟಿ ಆಗಾಕತ್ತೈತೋ, ಕಾಲುವಿ ಆಗಾಕತ್ತೈತೋ?” ಎಂದನು.

ಈ ಪ್ರಶ್ನೆಗೆ ಹಿನ್ನೆಲೆಯಿತ್ತು. ಆ ವರ್ಷ ಶ್ರೀಮಠದ ಸುತ್ತ ಎತ್ತರವಾದ ಪ್ರಾಕಾರವನ್ನು ಕಟ್ಟಿಸಿ, ಮುಂದೆ ಕಲ್ಲಿನ ಮಹಾದ್ವಾರವನ್ನು ನಿಲ್ಲಿಸಬೇಕೆಂದು ಸದ್ಭಕ್ತರು ನಕ್ಷೆ ತಯಾರಿಸಿ ತಂದಿದ್ದರು, ದೇಣಿಗೆಯೂ ಸೇರಲಾರಂಭಿಸಿತ್ತು. ಅದೇ ವರ್ಷ ಪ್ರಸಾದನಿಲಯದಲ್ಲಿ ಜಾಗವಿಲ್ಲವೆಂದು ಹಳ್ಳಿಗಳಿಂದ ಬಂದ ಮಕ್ಕಳನ್ನು ಹಿಂದಕ್ಕೆ ಕಳುಹಿಸಬೇಕಾಗಿ ಬಂದಿತ್ತು. ಎರಡೂ ಸಂಗತಿಗಳು ಹುಡುಗರಿಗೆ ಗೊತ್ತಿದ್ದವು. ನಿಲಯಪಾಲಕರು ಅವನನ್ನು ಗದರಿಸಹೋದರು. ನಾವು ತಡೆದೆವು. ಅನುಭವಮಂಟಪದ ಪರಂಪರೆಯವರು ಪ್ರಶ್ನೆಗೆ ಅಂಜಬಾರದು.

ಇನ್ನೊಬ್ಬ ವಿದ್ಯಾರ್ಥಿಯು ಮಠದ ಪರವಾಗಿ ವಾದಿಸಿದನು. ಅವನ ಮಾತೂ ತೂಕವುಳ್ಳದ್ದೇ. ಕೋಟೆಯ ಆಶ್ರಯವಿದ್ದುದರಿಂದಲೇ ಅಲ್ಲವೇ ಪ್ರೌಢದೇವರಾಯನ ಕಾಲದಲ್ಲಿ ಚಾಮರಸನು ಪ್ರಭುಲಿಂಗಲೀಲೆಯನ್ನು ಬರೆದದ್ದು, ಮಂತ್ರಿಯಾದ ಲಕ್ಕಣ್ಣ ದಂಡೇಶನು ಶಿವತತ್ತ್ವಚಿಂತಾಮಣಿಯನ್ನು ರಚಿಸಿದ್ದು, ವಿರಕ್ತರು ಕಲೆತು ವಚನಗಳನ್ನು ಸಂಗ್ರಹಿಸಿದ್ದು? ಗೋಡೆಯೇ ಇಲ್ಲದಿದ್ದರೆ ದೀಪ ನಿಲ್ಲುವುದೆಲ್ಲಿ?

ಇದು ನಿಜ. ಆಶ್ರಯವನ್ನು ಹಗುರವಾಗಿ ಕಾಣಲಾಗದು. ಆದರೆ ಆ ಸಂಗ್ರಹಕಾರರು ಮಾಡಿದ ಕೆಲಸವನ್ನು ನೋಡಬೇಕು. 12ನೆಯ ಶತಮಾನದಲ್ಲಿ ಕಲ್ಯಾಣದಲ್ಲಿ ವಿಪ್ಲವವಾದಾಗ ಶರಣರು ಚದುರಿದರು. ಚೆನ್ನಬಸವಣ್ಣನ ಜೊತೆಗಿದ್ದವರು ಉಳವಿಯ ಕಡೆ ನಡೆದರು. ಕಲ್ಯಾಣದಲ್ಲಿ ಕೋಟೆ ಇಂದಿಗೂ ಇದೆ. ಆದರೆ ವಚನಗಳನ್ನು ಉಳಿಸಿದ್ದು ಕೋಟೆಯಲ್ಲ, ಅವನ್ನು ಹೆಗಲ ಮೇಲೆಯೂ ನಾಲಗೆಯ ಮೇಲೆಯೂ ಹೊತ್ತು ನಡೆದವರು. ವಿಜಯನಗರದ ವಿರಕ್ತರು ಕೋಟೆಯೊಳಗೆ ಕುಳಿತು ಸಂಗ್ರಹಿಸಿದರು. ಆದರೆ ಸಂಗ್ರಹಿಸಿದ್ದನ್ನು ಬೊಕ್ಕಸದಲ್ಲಿ ಇಡಲಿಲ್ಲ. ತಾಡವೋಲೆಯ ಪ್ರತಿಗಳು ಮಠದಿಂದ ಮಠಕ್ಕೆ, ಮನೆಯಿಂದ ಮನೆಗೆ ಹೋದವು. ನಗರವು ಹಾಳಾದಾಗ ಅವು ಹಾಳಾಗಲಿಲ್ಲ. ಮೂರೂವರೆ ಶತಮಾನಗಳ ತರುವಾಯ ಫ.ಗು. ಹಳಕಟ್ಟಿಯವರು ಮನೆಮನೆಗೆ ತಿರುಗಿ ತಾಡವೋಲೆಗಳನ್ನು ಕೂಡಿಸಿ, 1923ರಲ್ಲಿ ವಚನಶಾಸ್ತ್ರಸಾರವನ್ನು ಹೊರತರಲು ಸಾಧ್ಯವಾದುದು ಈ ಹಂಚಿಕೆಯಿಂದಲೇ.

ಆಗ ಮೊದಲು ಪ್ರಶ್ನೆ ಕೇಳಿದ ಹುಡುಗನೇ, “ಹಂಗಾದ್ರ ಅಣೆಕಟ್ಟೂ ಒಂದು ಗ್ವಾಡಿನ ಅಲ್ಲೇನ್ರಿ?” ಎಂದನು. ಈ ಮಾತಿನಿಂದ ನಮ್ಮ ವಿಚಾರಕ್ಕೆ ಒಂದು ನೆಲೆ ದೊರೆಯಿತು. ಅಣೆಕಟ್ಟೂ ಗೋಡೆಯೇ ಹೌದು. ಕೋಟೆಯ ಗೋಡೆಗಿಂತ ದೊಡ್ಡ ಗೋಡೆ. ಆದರೆ ಅದು ಕೂಡಿಡುವುದು ಬಿಡುವುದಕ್ಕಾಗಿ. ಅದಕ್ಕೆ 33 ಬಾಗಿಲುಗಳಿವೆ. ಆ ಬಾಗಿಲುಗಳು ಹೊತ್ತಿಗೆ ಸರಿಯಾಗಿ ತೆರೆಯದಿದ್ದರೆ ಗೋಡೆಗೇ ಕೇಡು. ವಿಜಯನಗರದ ಹಳೆಯ ಅಣೆಗಳಂತೂ ಇನ್ನೂ ವಿನಯವುಳ್ಳವು. ಕಾಲುವೆಗೆ ಬೇಕಾದಷ್ಟು ನೀರನ್ನು ಎತ್ತಿಕೊಟ್ಟು ಮಿಕ್ಕಿದ್ದನ್ನು ತಮ್ಮ ತಲೆಯ ಮೇಲೆಯೇ ಹರಿಯಗೊಡುತ್ತವೆ. ನಮ್ಮ ಹಿರಿಯರು ದಾಸೋಹವೆಂದದ್ದು ಇದನ್ನೇ. ಭಕ್ತರಿಂದ ಬಂದದ್ದು ಮಠದಲ್ಲಿ ನಿಲ್ಲಬೇಕು, ಆದರೆ ನಿಂತೇ ಇರಬಾರದು. ಆದುದರಿಂದ ಮಠಕ್ಕೆ ಗೋಡೆ ಬೇಕೇ ಬೇಡವೇ ಎಂಬುದು ಪ್ರಶ್ನೆಯಲ್ಲ. ಅದು ಯಾರನ್ನು ಹೊರಗಿಡಲು, ಏನನ್ನು ಹೊರಗೆ ಕೊಡಲು ಎಂಬುದೇ ಪ್ರಶ್ನೆ.

ಮೂರನೆಯ ರಾತ್ರಿ ಕಳೆದು ಬೆಳಗಾದಾಗ ಡೇರೆಗಳನ್ನು ಬಿಚ್ಚಿದೆವು. ಮೂವತ್ತು ಜನ ಮೂರು ದಿನ ಬಾಳಿದ ಮನೆ ಅರ್ಧ ಗಂಟೆಯಲ್ಲಿ ಮಡಿಚಿ ಗಂಟಾಯಿತು. ಹುಡುಗರು ಸಾಲಾಗಿ ನಡೆದು ಕಾಗದದ ಚೂರು, ದಾರದ ತುಣುಕುಗಳನ್ನೂ ಬಿಡದೆ ಆರಿಸಿದರು. ಗೂಟ ಹೊಡೆದ ಕುಳಿಗಳನ್ನು ಮುಚ್ಚಿದರು. ತೋಟವು ನಮಗಿಂತ ಮುಂಚೆ ಹೇಗಿತ್ತೋ ಹಾಗೆಯೇ ಆಯಿತು. ಈ ಕೆಲಸವನ್ನು ನಾವು ಶಿಬಿರದ ಕೊನೆಯ ಪೂಜೆಯೆಂದೇ ಎಣಿಸುತ್ತೇವೆ.

ಮಠಕ್ಕೆ ಹಿಂದಿರುಗಿದ ಮೇಲೆ ಭಕ್ತರನ್ನು ಕರೆದು ಹುಡುಗನು ಕೇಳಿದ ಪ್ರಶ್ನೆಯನ್ನು ಹಾಗೆಯೇ ಅವರ ಮುಂದಿಟ್ಟೆವು. ಕೆಲವರಿಗೆ ಬೇಸರವಾಯಿತು. ಮಹಾದ್ವಾರಕ್ಕೆಂದು ತಮ್ಮ ತಂದೆಯವರ ಹೆಸರಿನಲ್ಲಿ ಕಾಣಿಕೆಯನ್ನು ಮುಡಿಪಿಟ್ಟಿದ್ದ ಹಿರಿಯರೊಬ್ಬರು ಬಹಳ ಹೊತ್ತು ಮಾತನಾಡಲಿಲ್ಲ. ಅವರ ಭಕ್ತಿಯಲ್ಲಿ ಕಿಂಚಿತ್ತೂ ಕೊರತೆಯಿರಲಿಲ್ಲ; ಆದುದರಿಂದಲೇ ಆ ಮೌನವು ನಮಗೆ ಭಾರವಾಗಿದ್ದಿತು. ಕೊನೆಗೆ ಅವರೇ, “ಆ ಕಲ್ಲು ನಿಲಯದ ಮೆಟ್ಟಿಲಿಗಾದ್ರೂ ಆಗ್ತದಲ್ರೀ ಬುದ್ಧಿ” ಎಂದರು. ದನಕರುಗಳು ಒಳಗೆ ಬಾರದಷ್ಟು ತಗ್ಗಿನ ಪ್ರಾಕಾರವಾಯಿತು. ಉಳಿದ ಹಣದಿಂದ ಪ್ರಸಾದನಿಲಯದ ಮೇಲಂತಸ್ತು ಎದ್ದಿತು. ಈಗ ಅಲ್ಲಿ ನಲವತ್ತು ಮಕ್ಕಳು ಹೆಚ್ಚಾಗಿ ಇದ್ದಾರೆ. ಮಹಾದ್ವಾರದ ನಕ್ಷೆ ಮಠದ ಕಪಾಟಿನಲ್ಲಿ ಭದ್ರವಾಗಿದೆ.

2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ ಹತ್ತೊಂಬತ್ತನೆಯ ಬಾಗಿಲು ಕೊಚ್ಚಿಹೋಯಿತು. ಸುದ್ದಿ ಕೇಳಿ ತೋಟದ ಯಜಮಾನರಿಗೆ ದೂರವಾಣಿ ಮಾಡಿಸಿದಾಗ, ತಮ್ಮ ಮನೆಯ ಮಾತನ್ನೇ ಎತ್ತದೆ, ನೀರು ಹೀಗೆ ಹೋದರೆ ಕಾಲುವೆಯ ಗತಿಯೇನು ಎಂದು ಅವರು ಕೇಳಿದರು. ಹರಿಯುವ ಹೊಳೆಗೇ ತಾತ್ಕಾಲಿಕ ಬಾಗಿಲನ್ನಿಳಿಸಿ ತಂತ್ರಜ್ಞರೂ ಕೆಲಸಗಾರರೂ ಒಂದು ವಾರದೊಳಗೆ ನೀರನ್ನು ತಡೆದರು. ಕೋಟೆಯ ಕಲ್ಲು ಬಿದ್ದರೆ ಛಾಯಾಚಿತ್ರ ತೆಗೆಯುವವರು ಬರುತ್ತಾರೆ. ಅಣೆಯ ಬಾಗಿಲು ಹೋದರೆ ನಾಡಿಗೆ ನಾಡೇ ನಿದ್ದೆಗೆಡುತ್ತದೆ. ನಾಲ್ಕು ಜನರ ಬಾಳಿಗೆ ಬೇಕಾದುದನ್ನು ದಿನದಿನವೂ ನೋಡಿಕೊಳ್ಳಬೇಕು, ಸವೆದುದನ್ನು ಕಾಲಕಾಲಕ್ಕೆ ಬದಲಿಸಬೇಕು. ಮಠಗಳಿಗೂ ಈ ಮಾತು ಸಲ್ಲುತ್ತದೆ.

ಬರುವ ಮಾಘಮಾಸದಲ್ಲಿಯೂ ಶಿಬಿರ ನಡೆಯಲಿದೆ. ಮಕ್ಕಳನ್ನು ಕಳುಹಿಸುವ ತಾಯಿತಂದೆಗಳಲ್ಲಿ ನಮ್ಮದೊಂದೇ ಸೂಚನೆ. ಒಂದು ಕಂಬಳಿ, ಒಂದು ತಂಬಿಗೆ, ಒಂದು ಜೊತೆ ಬಟ್ಟೆ, ಕೊರಳಲ್ಲಿ ಲಿಂಗ, ಇಷ್ಟು ಸಾಕು. ಮಿಕ್ಕಿದ್ದನ್ನು ಮನೆಯಲ್ಲಿಯೇ ಬಿಟ್ಟು ಬರಲಿ. ಎಲ್ಲರಿಗೂ ಶಿವನು ಸನ್ಮಂಗಳವನ್ನುಂಟುಮಾಡಲಿ.